ಗಾಳಿ ದಾವಲಸಾಬ ಜೆಟ್ಟಿಗೆ ಫ್ಯಾನು ಕೂರಿಸಿದ್ದು

ಬಲು ಹಿಂದೆ, ಸವಳಕೇರಿ ಅಂತ ಒಂದು ಊರಿನಲ್ಲಿ, ಗಾಳಿಯ ಕೂಡ ವ್ಯವಹಾರ ಮಾಡುವ ಒಬ್ಬ ಮನುಷ್ಯ ಇದ್ದ. ಎಷ್ಟು ಹಿಂದೆ ಎಂದು ಕೇಳಬೇಡಿ. ಮೂವರು ಮುದುಕರನ್ನು ಕೇಳಿದರೆ ನಾಲ್ಕು ಉತ್ತರ ಬರುತ್ತದೆ. ಹೆಸರು ದಾವಲಸಾಬ, ಕಸುಬು ಹಾರ್ಮೋನಿಯಂ ರಿಪೇರಿ. ಊರು ಕರೆದದ್ದು ಗಾಳಿ ದಾವಲಸಾಬ ಅಂತ.

ಹಾರ್ಮೋನಿಯಂ ಅಂದರೆ ಏನು? ಒಂದು ಪೆಟ್ಟಿಗೆ, ಒಳಗೆ ಗಾಳಿ. ಗಾಳಿ ಹೋಗಬೇಕಾದ ದಾರಿಯಲ್ಲಿ ಹೋದರೆ ಸ್ವರ, ಹೋಗಬಾರದ ದಾರಿಯಲ್ಲಿ ಹೋದರೆ ಗೊರಕೆ. ದಾವಲಸಾಬ ಪೆಟ್ಟಿಗೆಯ ಬದಿಗೆ ಕೆನ್ನೆ ಇಟ್ಟು ಕೂರುತ್ತಿದ್ದನಂತೆ. ಎಲ್ಲಿ ಸೋರುತ್ತದೆ ಅನ್ನುವುದು ಅವನ ಕೆನ್ನೆಗೆ ತಿಳಿಯುತ್ತಿತ್ತಂತೆ. ಅಂಗಡಿ ಮುಂದೆ ಬಸ್ಸು ಹೋದರೆ ತಲೆ ಎತ್ತದೆ, ಎಡಗಡೆ ಹಿಂದಿನ ಟೈರು ಇಳಿಯುತ್ತಿದೆ ಎನ್ನುತ್ತಿದ್ದನಂತೆ. ಮುಂದಿನ ಊರು ಮುಟ್ಟುವುದರೊಳಗೆ ಬಸ್ಸು ಕೂತಿರುತ್ತಿತ್ತಂತೆ. ಬಲೂನು ಮಾರುವವನು ಆ ಓಣಿಯನ್ನೇ ಬಿಟ್ಟುಬಿಟ್ಟ ಅಂತಲೂ ಹೇಳುತ್ತಾರೆ. ಇದರಲ್ಲಿ ಅರ್ಧ ಬಿಟ್ಟು ಕೇಳಿ. ಅರ್ಧ ಬಿಟ್ಟರೂ ಉಳಿಯುವುದು ಸಣ್ಣದಲ್ಲ.

ಆ ಊರಿಗೆ ಒಂದು ಹುಚ್ಚು ಇತ್ತು. ಗಾಳಿಪಟದ ಹುಚ್ಚಲ್ಲ, ಪಾರಿವಾಳದ ಹುಚ್ಚಲ್ಲ. ಚಿಕ್ಕ ಜೆಟ್ ವಿಮಾನದ ಹುಚ್ಚು. ತೋಳುದ್ದದ ವಿಮಾನ, ಥರ್ಮೋಕೋಲು ಮತ್ತು ತೆಳು ಕಟ್ಟಿಗೆಯ ಮೈ, ಕೈಯಲ್ಲಿ ಹಿಡಿದ ರಿಮೋಟಿನಿಂದ ಹಾರಾಟ. ಮೂಗಿನ ಮೇಲೆ ಪ್ರೊಪೆಲರ್ ತಿರುಗುವ ವಿಮಾನವನ್ನು ಎಲ್ಲ ಊರಿನವರೂ ಹಾರಿಸುತ್ತಾರೆ. ಸವಳಕೇರಿಯವರಿಗೆ ಅದು ಬೇಡ. ಅವರ ಜೆಟ್ಟಿನ ಹೊಟ್ಟೆಯೊಳಗೆ ಒಂದು ಕೊಳವೆ, ಕೊಳವೆಯೊಳಗೆ ಅಂಗೈಯಗಲದ ಫ್ಯಾನು. ಬಾಯಿಂದ ಗಾಳಿ ಎಳೆದು ಬಾಲದಿಂದ ನೂಕುತ್ತದೆ. ಊರವರು ಅದಕ್ಕೆ ಹೊಟ್ಟೆಫ್ಯಾನು ಅಂತಿದ್ದರು.

ಈ ಹುಚ್ಚಿಗೆ ಹಿರಿಯ ಗಿರಣಿ ತ್ರಿಂಬಕಣ್ಣ. ಹಿಟ್ಟಿನ ಗಿರಣಿಯ ಧಣಿ, ಒಳ್ಳೆಯ ಮನುಷ್ಯ, ಕೈ ಮಾತ್ರ ಕಬ್ಬಿಣ. ಅವನು ಹಾಕಿದ ನಟ್ಟನ್ನು ಬಿಚ್ಚಲು ಇಬ್ಬರು ಬೇಕು ಅಂತಿದ್ದರು. ಗಿರಣಿಯಲ್ಲಿ ಅದು ಗುಣ. ಎಲ್ಲ ಕಡೆ ಅದು ಗುಣವಲ್ಲ.

ಜೆಟ್ಟು ಏಳಬೇಕಾದರೆ ಓಡಬೇಕು, ಓಡಬೇಕಾದರೆ ಸಮನೆಲ ಬೇಕು. ಸುತ್ತ ಹದಿನೆಂಟು ಹಳ್ಳಿಗೆ ಎರೆಭೂಮಿ. ಬೆಳೆ, ಬಿರುಕು, ಇಲ್ಲವೆ ಕೆಸರು. ಸಮನೆಲ ಅಂದರೆ ಒಂದೇ, ಊರ ಪಡುವಣದ ಸವಳುಭೂಮಿ. ಉಪ್ಪು ಏರಿ ಹುಲ್ಲೂ ಹುಟ್ಟದ, ಹಲಗೆಯಂಥ ನೆಲ. ಅದು ನೀಲಗಂಗವ್ವನದು. ಅಲ್ಲೇ ಅಂಚಿನಲ್ಲಿ ಒಂದು ಹೊಂಡ, ಹೊಂಡದ ದಂಡೆಗೆ ಅವಳ ಹನ್ನೊಂದು ಎಮ್ಮೆ. ನೀಲಗಂಗವ್ವ ಬಾಡಿಗೆ ಕೇಳಿದವಳಲ್ಲ. ಬೆಳೆಯದ ನೆಲದಲ್ಲಿ ಹುಚ್ಚರಾದರೂ ಆಡಿಕೊಳ್ಳಲಿ ಎಂದು ಬಿಟ್ಟಿದ್ದಳಂತೆ.

ಒಂದು ಮುಂಜಾನೆ ತ್ರಿಂಬಕಣ್ಣ ಹೊಸ ಜೆಟ್ಟು ತಂದ. ಹೊಸ ಫ್ಯಾನು, ಆರು ಅಲಗಿನದು, ಜೋರಿನದು. ಕೂರಿಸಿದವನು ತಾನೇ. ಅದು ಎದ್ದಾಗ ಬಂದ ಸದ್ದು ಹೇಗಿತ್ತು ಅನ್ನುವುದಕ್ಕೆ ಊರಿನಲ್ಲಿ ಇವತ್ತಿಗೂ ಒಮ್ಮತವಿಲ್ಲ. ಗರಗಸ ತಗಡು ಕೊಯ್ದ ಹಾಗೆ ಅನ್ನುವವರುಂಟು, ನೂರು ಬೀಗಿತ್ತಿಯರು ಒಟ್ಟಿಗೆ ಜಗಳ ತೆಗೆದ ಹಾಗೆ ಅನ್ನುವವರುಂಟು. ಮಲಗಿದ್ದ ಹನ್ನೊಂದು ಎಮ್ಮೆಗಳೂ ಎದ್ದು ಬಾಲ ಎತ್ತಿ ಓಡಿದವು. ಗಬ್ಬದ ಎಮ್ಮೆಯೊಂದು ಕಾಲುವೆಗೆ ಬಿತ್ತು. ಅದನ್ನು ಎತ್ತುವುದರೊಳಗೆ ಮಧ್ಯಾಹ್ನವಾಯಿತು. ಜೀವ ಉಳಿಯಿತು, ಆದರೆ ಮೂರು ದಿನ ಯಾವ ಎಮ್ಮೆಯೂ ಸೊರ ಬಿಡಲಿಲ್ಲ, ಹಾಲು ಇಳಿಯಲಿಲ್ಲ.

ನಾಲ್ಕನೆಯ ದಿನ ಮೈದಾನದ ಬಾಯಿಗೆ ಜಾಲಿಮುಳ್ಳಿನ ಬೇಲಿ ಬಿತ್ತು.

ತ್ರಿಂಬಕಣ್ಣ ಹೋಗಿ ಕೈಮುಗಿದ. ಊರ ಹಿರಿಯರನ್ನು ಕರೆದುಕೊಂಡು ಹೋಗಿ ಮತ್ತೆ ಕೈಮುಗಿದ. ನೀಲಗಂಗವ್ವ ಹಾಲು ಕರೆಯುತ್ತ ಕೂತವಳು ತಿರುಗಿಯೂ ನೋಡಲಿಲ್ಲ ಅಂತಾರೆ. ಕೊನೆಗೆ ಚರಿಗೆ ತುಂಬಿದ ಮೇಲೆ ಒಂದು ಮಾತು ಆಡಿದಳು.

"ಅಮಾಸಿ ಕಳದ ಮೂರನೇ ದಿನ ಬರ್ರಿ. ನನ್ನ ಎಮ್ಮಿ ಮಲಗಿದ್ದಾಗ ಅವುಗಳ ಮ್ಯಾಲೆ ನಿಮ್ಮ ಹಕ್ಕಿ ಹಾರಸ್ರಿ. ಒಂದು ಎಮ್ಮಿ ಎದ್ದರೂ ಬೇಲಿ ಬೇಲಿನೇ. ಏಳಲಿಲ್ಲಂದ್ರ ಮುಳ್ಳು ನಾನೇ ತಗೀತೀನಿ."

ವ್ಯವಹಾರ ಅಂದರೆ ಹೀಗಿರಬೇಕು. ಅಳತೆ ಸ್ಪಷ್ಟ, ಗಡುವು ಸ್ಪಷ್ಟ. ಆದರೆ ಆ ನೆಲ ಹೋದರೆ ಸವಳಕೇರಿಯಲ್ಲಿ ಜೆಟ್ಟು ಅನ್ನುವುದೇ ಹೋಯಿತು. ಅಟ್ಟಕ್ಕೆ ಏರಿಸಿ ಧೂಳು ಹಿಡಿಸುವುದೊಂದೇ ಉಳಿದದ್ದು. ಗಿರಣಿ ಬಿಟ್ಟರೆ ತ್ರಿಂಬಕಣ್ಣನಿಗೆ ಇದ್ದ ಸುಖ ಅದೊಂದೇ. ಎರಡು ದಿನ ಊಟ ಬಿಟ್ಟನಂತೆ. ಫ್ಯಾನು ಖೋಟಾ ಮಾಲು, ಮಾರಿದವನು ಮೋಸ ಮಾಡಿದ ಎಂದು ಸಂತೆಯೆಲ್ಲ ಹೇಳಿಕೊಂಡು ಬಂದನಂತೆ. ಕೊಂಡವರು ಮೊದಲು ಸರಕನ್ನೇ ಬೈಯುತ್ತಾರೆ, ಅದು ಲೋಕರೂಢಿ. ಕೂರಿಸಿದ ಕೈಯನ್ನು ಬೈದವನನ್ನು ಯಾರೂ ಕಂಡಿಲ್ಲ.

ಯಾರೋ ಹೇಳಿದರು, ಇದು ಗಾಳಿಯ ರೋಗ, ಗಾಳಿ ವೈದ್ಯನ ಹತ್ತಿರ ಒಯ್ಯಿರಿ ಅಂತ. ಒಯ್ದರು.

ದಾವಲಸಾಬ ಅಲ್ಲಿಯವರೆಗೆ ಜೆಟ್ಟನ್ನು ಮುಟ್ಟಿದವನಲ್ಲ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಫ್ಯಾನನ್ನು ಮೆಲ್ಲಗೆ ತಿರುಗಿಸಲು ಹೇಳಿ ಕೆನ್ನೆ ಇಟ್ಟ. ಆಮೇಲೆ ಒಂದು ಊದಿನಕಡ್ಡಿ ಹಚ್ಚಿ ಕೊಳವೆಯ ಸಂದುಸಂದಿಗೆ ಹಿಡಿದ. ಎಲ್ಲಿ ಹೊಗೆ ಒಳಗೆ ನುಸುಳಿತೋ ಅಲ್ಲಿ ಸುಣ್ಣದ ಬೊಟ್ಟು ಇಟ್ಟ. ಹದಿನೇಳು ಬೊಟ್ಟು ಆಯಿತು ಅಂತಾರೆ. ನಲವತ್ತು ಅನ್ನುವವರೂ ಇದ್ದಾರೆ. ಆಮೇಲೆ ಫ್ಯಾನು ಕೂತ ಬಳೆಯ ಸುತ್ತ ಬೆರಳಾಡಿಸಿ ನಕ್ಕ.

"ಧಣೇರ, ಇದನ್ನ ಯಾರು ಬಿಗದಾರ?"

"ನಾನ. ಯಾಕ, ಸಡಲ ಆಗೇತೇನು?"

"ಸಡಲ? ಇದರ ಕುತ್ತಿಗಿ ಹಿಚುಕೀರಿ. ಬಳಿ ದುಂಡಗಿತ್ತು, ಈಗ ತತ್ತಿ ಆಗೇತಿ. ಒಳಗ ಅಲಗು ಗ್ವಾಡಿಗೆ ಮೈ ತಿಕ್ಕೊಂಡು ಹೋಗತಾವ. ಅವು ಕೂಗಲಾರದ ಏನು ಮಾಡ್ಯಾವು?"

ಅಲಗಿನ ತುದಿಗೂ ಬಳೆಗೂ ನಡುವೆ ಕಾಗದದಷ್ಟು ಜಾಗ, ಅಷ್ಟೇ. ಬಳೆಯ ತಿರುಪುಗಳನ್ನು ಗಿರಣಿಯ ಬಿಗಿ ಬಿಗಿದರೆ ಆ ಕಾಗದವೂ ಹೋಗುತ್ತದೆ. ಹೆಚ್ಚು ಬಿಗಿದರೆ ಹೆಚ್ಚು ಭದ್ರ ಅನ್ನುವುದು ತ್ರಿಂಬಕಣ್ಣನ ಜನ್ಮದ ನಂಬಿಕೆ. ಅವನು ತಲೆ ಆಡಿಸಿದ, ಆದರೆ ಒಪ್ಪಿದ್ದು ತಲೆ ಮಾತ್ರ.

ದಾವಲಸಾಬ ಎಲ್ಲವನ್ನೂ ಬಿಚ್ಚಿ, ಬೊಟ್ಟು ಬಿದ್ದ ಸಂದುಗಳನ್ನು ಮುಚ್ಚಿ, ಮತ್ತೆ ಕಟ್ಟಿದ. ಹಾರ್ಮೋನಿಯಂನ ತಿದಿಗೆ ಹಾಕುವ ಮೆತ್ತನೆಯ ಮೇಕೆಚರ್ಮವನ್ನು ದಾರದಷ್ಟು ಸಣ್ಣಗೆ ಕೊಯ್ದು ಬಳೆಯ ಸುತ್ತ ಹಾಸಿದ, ಫ್ಯಾನಿನ ನಡುಕ ಜೆಟ್ಟಿನ ಮೈಗೆ ಹತ್ತದ ಹಾಗೆ. ಗಾಳಿಯ ದಾರಿಗೆ ಅಡ್ಡ ಬಿದ್ದಿದ್ದ ತಂತಿಗಳನ್ನು ಗೋಡೆಯ ಹಿಂದೆ ಸರಿಸಿದ. ಕೊಳವೆಯ ಬಾಯಿ ಚೂಪಾಗಿತ್ತು. ಅದಕ್ಕೆ ಮರದಲ್ಲಿ ದುಂಡನೆಯ ತುಟಿ ಕಡೆದ. ಚೂಪು ಬಾಗಿಲಲ್ಲಿ ನುಗ್ಗುವ ಗಾಳಿ ಸೆರಗು ಹರಿದುಕೊಳ್ಳುತ್ತದೆ, ದುಂಡು ಬಾಗಿಲಲ್ಲಿ ಬೀಗರ ಹಾಗೆ ಬರುತ್ತದೆ ಎಂದನಂತೆ. ಬಾಲದ ಕಡೆಗೆ ಹಳೆಯ ಎಕ್ಸ್‌ರೇ ಹಾಳೆಯನ್ನು ಸುರುಳಿ ಸುತ್ತಿ, ತುದಿಗೆ ಸ್ವಲ್ಪ ಕಿರಿದು ಮಾಡಿ ಕೂರಿಸಿದ. ಆ ಹಾಳೆ ಯಾರ ಎದೆಯದು ಅನ್ನುವುದರ ಮೇಲೆ ಎರಡು ಮನೆತನಗಳು ಈಗಲೂ ವಾದ ಮಾಡುತ್ತವೆ, ನಮ್ಮಜ್ಜನ ಪುಪ್ಪುಸ, ನಮ್ಮ ಮುತ್ತಜ್ಜನದು ಅಂತ. ಕೊನೆಗೆ ಫ್ಯಾನನ್ನು ಸೂಜಿಯ ಮೇಲೆ ನಿಲ್ಲಿಸಿ, ಹಗುರವಾದ ಬದಿಗೆ ಸಾಸಿವೆಯಷ್ಟು ಅರಗು ಹಚ್ಚಿ ತೂಕ ಸಮ ಮಾಡಿದ. ಅಂಗಡಿಯಲ್ಲಿ ಓಡಿಸಿದಾಗ ಸದ್ದು ಬಿಸಿ ಹಾಲು ಉಕ್ಕುವ ಮೊದಲಿನ ಸದ್ದಿನಷ್ಟೇ ಇತ್ತಂತೆ.

ಅಮಾಸೆ ಕಳೆದ ಮೂರನೆಯ ದಿನ ಬಂತು. ಬಿಸಿಲು ಏರುವ ಮುನ್ನ ಊರು ಅಲ್ಲಿ ನೆರೆಯಿತು. ಎಮ್ಮೆಗಳು ಹೊಂಡದ ದಂಡೆಗೆ ಮೆಲುಕು ಹಾಕುತ್ತ ಮಲಗಿದ್ದವು. ನೀಲಗಂಗವ್ವ ಅವುಗಳ ನಡುವೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಬಿಸಿಲು ನೆತ್ತಿಗೆ ಬಂದರೆ ಎಮ್ಮೆಗಳು ತಾವಾಗಿಯೇ ಎದ್ದು ನೀರಿಗೆ ಇಳಿಯುತ್ತವೆ; ಅದರೊಳಗೆ ಆಗಬೇಕು.

ದಾವಲಸಾಬ ನೆಲ ನೋಡಲು ಹೋಗಿದ್ದ. ಜೆಟ್ಟಿನ ಹತ್ತಿರ ತ್ರಿಂಬಕಣ್ಣ ಒಬ್ಬನೇ. ಮನುಷ್ಯನಿಗೆ ಭಯವಾದಾಗ ಕೈ ತನಗೆ ಗೊತ್ತಿರುವುದನ್ನೇ ಮಾಡುತ್ತದೆ. ಹೊಟ್ಟೆಯ ಮುಚ್ಚಳ ತೆಗೆದು, ಜೇಬಿನ ತಿರುಪುಳಿಯಿಂದ, ಭದ್ರವಿರಲಿ ಎಂದು, ನಾಲ್ಕು ತಿರುಪಿಗೂ ಅರ್ಧರ್ಧ ಸುತ್ತು ಕೊಟ್ಟ.

ಜೆಟ್ಟನ್ನು ಗಾಳಿಗೆ ಮುಖ ಮಾಡಿಸಿ, ನಿಂತಲ್ಲೇ ಫ್ಯಾನು ಓಡಿಸಿ ನೋಡಿದರು. ಕೊಳವೆಯೊಳಗೆ ಕರ್ ಅಂತ ಒಂದು ಸದ್ದು, ಚಟ್ ಅಂತ ಇನ್ನೊಂದು. ಹೊಂಡದ ದಂಡೆಗೆ ಎಮ್ಮೆಯೊಂದು ಕಿವಿ ಎತ್ತಿತು. ದಾವಲಸಾಬ ಓಡಿ ಬಂದು ನಿಲ್ಲಿಸಿದ. ಒಂದು ಅಲಗಿನ ತುದಿ ಉಗುರಿನಷ್ಟು ಮುರಿದಿತ್ತು.

ಇದಕ್ಕೆ ಯಾರು ಕೈ ಹಾಕಿದರು ಎಂದು ಕೇಳಿದ. ಎಲ್ಲರಿಗೂ ಬಲಗೈ ತೋರಿಸಲು ಹೇಳಿದನಂತೆ. ತ್ರಿಂಬಕಣ್ಣನ ಹೆಬ್ಬೆರಳಿನಲ್ಲಿ ತಿರುಪುಳಿಯ ಹಿಡಿಯ ಗುರುತು ಕೆಂಪಗಿತ್ತು. ಸುತ್ತ ನಿಂತವರು ಅವನನ್ನು ನುಂಗಿಬಿಡುತ್ತಿದ್ದರು. ದಾವಲಸಾಬ ಮಾತ್ರ ಸಿಟ್ಟಾಗಲಿಲ್ಲ. ಸಿಟ್ಟಿನಿಂದ ಅಲಗು ಬೆಳೆಯುವುದಿಲ್ಲ.

ಬೇರೆ ಫ್ಯಾನು ಊರಲ್ಲಿ ಇಲ್ಲ, ಬೇರೆ ದಿನ ಕರಾರಿನಲ್ಲಿ ಇಲ್ಲ. ಅವನು ಕೂತು, ಮುರಿದ ಅಲಗಿಗೆ ಎದುರಿನ ಅಲಗನ್ನು, ಸರಿಯಾಗಿದ್ದ ಅಲಗನ್ನು, ಅರದಿಂದ ಉಜ್ಜತೊಡಗಿದ. ಒಳ್ಳೆಯದನ್ನೂ ಕೆಡಿಸುತ್ತಿದ್ದಾನೆ ಎಂದು ಜನ ಬೊಬ್ಬೆ ಹಾಕಿದರು. ಅವನು ಹೇಳಿದ್ದು ಇಷ್ಟೇ: ಜೋರು ಕಡಿಮೆ ಆಗುತ್ತದೆ, ಎದ್ದೇಳಲು ಪೂರ್ತಿ ನೆಲ ಓಡಬೇಕಾಗುತ್ತದೆ, ಆದರೆ ತೂಕ ಸಮ ಇದ್ದರೆ ಕೂಗುವುದಿಲ್ಲ. ನೀಲಗಂಗವ್ವ ಕೇಳಿದ್ದು ಜೋರನ್ನಲ್ಲ. ಕೊಂಡುಕೊಳ್ಳುವವರು ಕೇಳಿದ್ದನ್ನೇ ಕೊಡು ಅನ್ನುವುದು ಹಳೆಯ ಮಾತು. ಅದನ್ನು ಮರೆತು ಕೆಟ್ಟ ಅಂಗಡಿಗಳು ಎಷ್ಟೋ.

ಸೂಜಿಯ ಮೇಲೆ ಇಟ್ಟು ನೋಡಿದ, ಉಜ್ಜಿದ, ಮತ್ತೆ ಇಟ್ಟು ನೋಡಿದ. ಬಿಸಿಲು ಏರುತ್ತಿತ್ತು. ಕೊನೆಗೆ ತಿರುಪು ಹಾಕುವ ಹೊತ್ತಿಗೆ ತಿರುಪುಳಿಯನ್ನು ತ್ರಿಂಬಕಣ್ಣನ ಕೈಗೇ ಕೊಟ್ಟ.

"ಹೆಬ್ಬಟ್ಟು, ಕಿರಿಬೆರಳು. ಇವೆರಡರಾಗ ಹಿಡೀರಿ. ಉಳಿದ ಮೂರು ಮುಟ್ಟಬಾರದು."

"ಇದರಾಗ ಎಲ್ಲಿ ಬಿಗಿ ಬರ್ತದೋ ಮಾರಾಯಾ? ಇದು ಹೆಣ್ಣಿಗೆ ಬಳಿ ಇಟ್ಟಂಗ ಆತು."

"ಹಂಗ ಇಡ್ರಿ. ಬಳಿ ಒಡದ್ರ ಎಮ್ಮಿ ಏಳತಾವ."

ಕಬ್ಬಿಣದ ಕೈಯ ಆ ಮನುಷ್ಯ ಕಿರಿಬೆರಳಿನಲ್ಲಿ ನಾಲ್ಕು ತಿರುಪು ಹಾಕಿದ. ಹಾಕುವಾಗ ಹಣೆಯಿಂದ ಬೆವರು ಇಳಿಯಿತಂತೆ. ನೂರು ಮಣ ಜೋಳ ಬೀಸಿದಾಗಲೂ ಅಷ್ಟು ಬೆವರು ಇಳಿದಿರಲಿಲ್ಲ ಅಂತಾರೆ.

ಜೆಟ್ಟನ್ನು ಮೈದಾನದ ಪಡುವಣ ತುದಿಗೆ ಒಯ್ದು, ಬೇಲಿಯ ಕಡೆಗೆ ಬಿಟ್ಟರು. ರಿಮೋಟು ತ್ರಿಂಬಕಣ್ಣನ ಕೈಯಲ್ಲಿ. ಅದು ಓಡಿತು, ಓಡಿತು, ಏಳಲಿಲ್ಲ. ಅರ್ಧ ನೆಲ ಮುಗಿಯಿತು, ಏಳಲಿಲ್ಲ. ಮುಕ್ಕಾಲು ಮುಗಿಯಿತು, ಏಳಲಿಲ್ಲ. ಇನ್ನು ಮುಳ್ಳುಬೇಲಿಯೇ ಗತಿ ಅನ್ನುವಾಗ ಗಾಲಿಗಳು ನೆಲ ಬಿಟ್ಟವು. ಬೇಲಿಯ ಮೇಲೆ ಗೇಣಷ್ಟರಲ್ಲಿ ದಾಟಿ, ಸುತ್ತು ಹಾಕಿ, ಹೊಂಡದ ಕಡೆ ಬಂತು. ನೀಲಗಂಗವ್ವನ ಸೆರಗು ಅಲುಗಿತು ಅಂತಾರೆ, ಅಷ್ಟು ತಗ್ಗಿನಲ್ಲಿ. ಸದ್ದು? ಯಾರೋ ದೂರದಲ್ಲಿ ಉಸ್ಸೆಂದು ಕೂತ ಹಾಗೆ.

ಹತ್ತು ಎಮ್ಮೆ ಮೆಲುಕು ನಿಲ್ಲಿಸಲಿಲ್ಲ. ಹನ್ನೊಂದನೆಯದು, ಕಾಲುವೆಗೆ ಬಿದ್ದಿದ್ದ ಆ ಗಬ್ಬದ ಎಮ್ಮೆ, ಮುಂಗಾಲು ಊರಿ ಎದ್ದಿತು.

ತ್ರಿಂಬಕಣ್ಣನ ಮುಖ ಅವನದೇ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಎಮ್ಮೆ ನಿಂತಿತು. ಆಕಾಶವನ್ನು ನೋಡಲಿಲ್ಲ. ಒಂದು ಸುತ್ತು ತಿರುಗಿ, ಇನ್ನೊಂದು ಮಗ್ಗುಲಿಗೆ ಉಸಿರುಬಿಟ್ಟು ಮಲಗಿತು.

ಎಲ್ಲರೂ ನೀಲಗಂಗವ್ವನನ್ನು ನೋಡಿದರು. ಎದ್ದದ್ದು ಎದ್ದದ್ದೇ ಎಂದು ಅವಳು ಹೇಳಬಹುದಿತ್ತು. ಕರಾರು ಅವಳ ಬಾಯಲ್ಲೇ ಇತ್ತು. ಅವಳು ಕಲ್ಲಿನಿಂದ ಎದ್ದು ಆ ಎಮ್ಮೆಯ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದಳು.

"ಬಸುರಿ ಮಗ್ಗಲು ಬದಲಿಸಿದ್ರ ಅದಕ್ಕ ಎದ್ದಳು ಅಂತಾರೇನು? ತಗೀರಿ ಮುಳ್ಳ." ಆಮೇಲೆ ತ್ರಿಂಬಕಣ್ಣನ ಕಡೆ ತಿರುಗಿ, "ನೀ ಅಲ್ಲ. ನಿನ್ನ ಕೈ ಬ್ಯಾಡ. ನಾನ ತಗೀತೀನಿ" ಎಂದಳಂತೆ.

ತೆಗೆಯುತ್ತಲೇ ಇನ್ನೊಂದು ಕರಾರು ಹಾಕಿದಳು. ಇನ್ನು ಮುಂದೆ ಯಾರದೇ ಹೊಸ ಜೆಟ್ಟು ಇರಲಿ, ಮೊದಲ ಹಾರಾಟ ಎಮ್ಮೆಗಳ ಮೇಲೆ. ಪಾಸಾದರೆ ಮೈದಾನ, ಇಲ್ಲವಾದರೆ ದಾವಲಸಾಬನ ಅಂಗಡಿ. ಅಲ್ಲಿಂದ ಅವನು ಎಷ್ಟು ಜೆಟ್ಟುಗಳಿಗೆ ಫ್ಯಾನು ಕೂರಿಸಿದ ಅನ್ನುವುದಕ್ಕೆ ಲೆಕ್ಕವಿಲ್ಲ. ಸಾಯುವ ದಿನವೂ ಒಂದನ್ನು ಕೆನ್ನೆಗೆ ಹಿಡಿದಿದ್ದ ಅಂತಾರೆ. ಅದನ್ನು ನಾನು ಒಪ್ಪುವುದಿಲ್ಲ. ಜ್ವರ ಬಂದು, ಹಾಸಿಗೆಯಲ್ಲಿ, ಎಲ್ಲರ ಹಾಗೆಯೇ ಹೋದ.

ದಾವಲಸಾಬ ಇಲ್ಲ, ನೀಲಗಂಗವ್ವ ಇಲ್ಲ, ಆ ಹನ್ನೊಂದು ಎಮ್ಮೆಯೂ ಇಲ್ಲ. ಅವುಗಳ ಸಂತತಿ ಇದೆ, ಕರಾರು ಇದೆ. ಸವಳಕೇರಿಯಲ್ಲಿ ಇಂದಿಗೂ ಹೊಟ್ಟೆಫ್ಯಾನಿನ ತಿರುಪನ್ನು ಹೆಬ್ಬೆರಳು ಕಿರಿಬೆರಳಿನಲ್ಲೇ ಹಾಕುತ್ತಾರೆ; ಅದಕ್ಕೆ ದಾವಲಬಿಗಿ ಅನ್ನುತ್ತಾರೆ. ಹೊಸ ಜೆಟ್ಟು ಮೊದಲ ಸಲ ಏಳುವಾಗ ಪರಊರಿನವರು ಬಂದಿದ್ದರೆ ಅವರು ಕತ್ತು ಮೇಲೆತ್ತಿ ಆಕಾಶ ನೋಡುತ್ತಾರೆ. ಊರಿನವರು ಯಾರೂ ಆಕಾಶ ನೋಡುವುದಿಲ್ಲ. ಜೆಟ್ಟಿಗೆ ಬೆನ್ನು ಮಾಡಿ, ಕೈಕಟ್ಟಿ, ಸಾಲಾಗಿ ನಿಂತು, ಹೊಂಡದ ದಂಡೆಯ ಎಮ್ಮೆಗಳನ್ನು ನೋಡುತ್ತಾರೆ.