ಕರೆಯಲಾರದ ಎರಡು ದೀಪಗಳು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿಯ ಗುರುಗಳ ಹೆಸರು ಅಡವಿಸ್ವಾಮಿಗಳು. ಹಾಗೆಂದು ಕರೆಯುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವರು ಅಪ್ಪಾರು. ಎಂಬತ್ತರ ಹತ್ತಿರದ ಜೀವ. ಶಿವನ ದಯೆಯಿಂದ ಇನ್ನೂ ತಾವೇ ಮೆಟ್ಟಿಲಿಳಿದು ಹೊಳೆಯಲ್ಲಿ ಮುಳುಗಿ ಬರುತ್ತಾರೆ.

ಅವರ ಬಳಿ ಒಂದೇ ವರ್ಷ ಬಂದು ಸೇರಿದ ಇಬ್ಬರು ಶಿಷ್ಯರಿದ್ದರು. ಒಬ್ಬ ಗುರುಪಾದ. ಆಶ್ರಮದ ನೀರು, ಮೋಟಾರು, ವೈರು, ದೀಪ ಎಲ್ಲ ಅವನ ಪಾಲು. ಇನ್ನೊಬ್ಬ ತೋಂಟೇಶ. ದಾಸೋಹದ ಅಡಿಗೆಮನೆ ಅವನದು. ಹದಿನಾಲ್ಕು ವರ್ಷ ಒಂದೇ ಜಮಖಾನೆಯ ಎರಡು ತುದಿಗೆ ಮಲಗಿ ಎದ್ದವರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನಿಗೆ ಊಟ ಸೇರುತ್ತಿರಲಿಲ್ಲ.

ಆ ಇಬ್ಬರ ನಡುವೆ ಹನ್ನೊಂದು ತಿಂಗಳಿಂದ ಮಾತಿರಲಿಲ್ಲ.

ಆದದ್ದು ಇಷ್ಟೇ. ಶ್ರಾವಣದ ಅಮಾವಾಸ್ಯೆಯ ದಿನ ಮುನ್ನೂರು ಜನ ಪಂಕ್ತಿಗೆ ಕೂತಿದ್ದಾರೆ, ಅನ್ನ ಬಡಿಸಿದೆ, ಅಷ್ಟರಲ್ಲಿ ನಲ್ಲಿಯಲ್ಲಿ ನೀರು ನಿಂತುಹೋಯಿತು. ನೀರಿನ ಬೆಲೆ ತಿಳಿಯದವರ ಕೈಗೆ ಅಡಿಗೆಮನೆ ಕೊಟ್ಟರೆ ಹೀಗೇ ಎಂದು ಗುರುಪಾದ ಎಲ್ಲರ ಮುಂದೆ ಅಂದುಬಿಟ್ಟ. ನೀರು ನೋಡಬೇಕಾದವರು ಬೋರ್ಡು ವೈರಿನ ಆಟಿಗೆ ಸಾಮಾನು ಹಿಡಿದು ಕೂತರೆ ಹೀಗೇ ಎಂದು ತೋಂಟೇಶನೂ ಸೌಟು ಹಿಡಿದುಕೊಂಡೇ ಅಂದ.

ಅಷ್ಟಕ್ಕೆ ಮಾತು ನಿಂತಿತು.

ಅವತ್ತು ಸಂಜೆ ಗುರುಪಾದ ನೀರಿನ ಟಾಕಿಯ ಬುಡದ ಮೋಟಾರಿನ ಕೋಣೆಗೆ ಹೋಗಿ ನೋಡುತ್ತಾನೆ, ಬೆಳಿಗ್ಗೆ ಸ್ವಿಚ್ಚೇ ಹಾಕಿಲ್ಲ. ಮರೆತವನು ತಾನೇ. ಅಡಿಗೆಮನೆಯವರದು ಕೂದಲೆಳೆಯಷ್ಟೂ ತಪ್ಪಿಲ್ಲ.

ಹೋಗಿ ಹೇಳಬೇಕು ಅಂದುಕೊಂಡ. ಆದರೆ ಅವನಾದರೂ ಒಮ್ಮೆ ಬಂದು ಮಾತಾಡಿಸಲಿ, ಆಗ ಎಲ್ಲ ಹೇಳಿಬಿಡುತ್ತೇನೆ ಎಂದೂ ಅಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು.

ಒಂದೇ ಆಶ್ರಮದಲ್ಲಿದ್ದು ಮಾತಿಲ್ಲದೆ ಆಗುತ್ತದೆಯೇ? ಊಟಕ್ಕೆ ಕೂತಾಗ ಗುರುಪಾದ ಕಂಬದ ಕಡೆ ಮುಖ ಮಾಡಿ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂದು ಯಾರಾದರೂ ಹೇಳಿರಪ್ಪ ಎನ್ನುತ್ತಿದ್ದ. ಒಳಗಿನಿಂದ ತೋಂಟೇಶನ ದನಿ ಬರುತ್ತಿತ್ತು, ನೀರೇ ಸಪ್ಪಗೆ ಬರುತ್ತಿದೆ ಎಂದು ಯಾರಾದರೂ ಹೇಳಿರಪ್ಪ. ಪಂಕ್ತಿಯವರು ನಕ್ಕು ಉಣ್ಣುತ್ತಿದ್ದರು. ಆ ಇಬ್ಬರು ಮಾತ್ರ ನಗುತ್ತಿರಲಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ತೋಂಟೇಶ ಅಪ್ಪಾರ ಪಾದ ಮುಟ್ಟಿ, ಹೊಳೆಯಾಚೆಯ ಶಾಖಾಮಠಕ್ಕೆ ಹೋಗುತ್ತೇನೆ ಎಂದು ಕೇಳಿಕೊಂಡ. ಅಲ್ಲಿ ಓದುವ ನಲವತ್ತು ಮಕ್ಕಳಿಗೆ ಅಡಿಗೆ ಮಾಡುವವರಿರಲಿಲ್ಲ. ಅಪ್ಪಾರು ಅವನ ಮುಖ ನೋಡಿ, ಆಗಲಿ ಎಂದರು. ಗುರುವಾರ ಮಧ್ಯಾಹ್ನದ ದೋಣಿಗೆ ಹೊರಡುವುದೆಂದು ಆಯಿತು.

ಸುದ್ದಿ ಕೇಳಿ ಗುರುಪಾದನಿಗೆ ಎದೆಯೊಳಗೆ ಕಲ್ಲಿಟ್ಟ ಹಾಗಾಯಿತು. ಆದರೂ ಬಾಯಿ ಬಿಡಲಿಲ್ಲ. ಬೇರೆ ಒಂದು ಉಪಾಯ ಹೂಡಿದ.

ನೀರಿನ ಟಾಕಿಯೊಳಗೆ ಮಟ್ಟ ಅಳೆಯುವ ಒಂದು ಸಂವೇದಕ, ಅದಕ್ಕೆ ಅಂಗೈಯಗಲದ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಅದರ ಪಕ್ಕ ತಂತಿಯಿಲ್ಲದೆ ಸುದ್ದಿ ಮುಟ್ಟಿಸುವ ಬೆರಳುದ್ದದ ಬ್ಲೂಟೂತ್ ಮಾಡ್ಯೂಲು. ಅಡಿಗೆಮನೆಯಲ್ಲಿ ಅಂಥದೇ ಇನ್ನೊಂದು ಜೋಡಿ. ಟಾಕಿ ಬರಿದಾದರೆ ಅಡಿಗೆಮನೆಯಲ್ಲಿ ಕೆಂಪು ದೀಪ ಹತ್ತಬೇಕು. ತೋಂಟೇಶ ಹೊರಡುವುದರೊಳಗೆ ಆ ದೀಪ ಹತ್ತಿಸಿ ತೋರಿಸಬೇಕು. ಆಟಿಗೆ ಸಾಮಾನು ಅಂದವನ ಕಣ್ಣ ಮುಂದೆ. ನೀರಿನ ವಿಷಯ ಬಾಯಿಬಿಟ್ಟು ಹೇಳುವ ಪ್ರಮೇಯವೇ ಇರದಂತೆ.

ಪೇಟೆಗೆ ಹೋಗಿ ಇದ್ದುದರಲ್ಲಿ ಅಗ್ಗದ ಎರಡು ಮಾಡ್ಯೂಲು ತಂದ. ಮೊದಲ ದಿನ ತಂತಿ ಜೋಡಿಸುವಾಗ ಬೋರ್ಡಿನ ಸುದ್ದಿ ಕಳಿಸುವ ಕಾಲನ್ನು ಮಾಡ್ಯೂಲಿನ ಕಳಿಸುವ ಕಾಲಿಗೇ ಕಟ್ಟಿ ಪೇಚಾಡಿದ. ಇದರ ಬಾಯಿ ಅದರ ಕಿವಿಗೆ ಹೋಗಬೇಕೆಂದು ಹೊಳೆದು ಅದಲುಬದಲು ಮಾಡಿದ. ಬೋರ್ಡಿನ ದನಿ ಐದು ವೋಲ್ಟಿನದು, ಮಾಡ್ಯೂಲಿನ ಕಿವಿ ಅಷ್ಟು ತಾಳದು. ಅದಕ್ಕೆ ನಡುವೆ ಎರಡು ರೆಸಿಸ್ಟರು ಹಾಕಿ ದನಿ ತಗ್ಗಿಸಿದ. ಎರಡರ ಮಾತಿನ ವೇಗವನ್ನೂ ಒಂದೇ ಮಾಡಿದ.

ಎಲ್ಲ ಸರಿ. ಕೆಂಪು ದೀಪ ಮಾತ್ರ ಹತ್ತಲಿಲ್ಲ.

ಪ್ರತಿ ಮಾಡ್ಯೂಲಿಗೂ ರಾಗಿ ಕಾಳಿನಷ್ಟು ಒಂದು ದೀಪವಿರುತ್ತದೆ. ಜೊತೆ ಸಿಗುವ ತನಕ ಮಿಣುಕುತ್ತದೆ, ಸಿಕ್ಕಿತೆಂದರೆ ಸ್ಥಿರವಾಗಿ ನಿಲ್ಲುತ್ತದೆ. ಗುರುಪಾದನವು ಎರಡೂ ಮಿಣುಕುತ್ತಿದ್ದವು. ಸೋಮವಾರ ಮಿಣುಕಿದವು, ಮಂಗಳವಾರ ಮಿಣುಕಿದವು. ಬುಧವಾರ ಬೆಳಗಾದರೂ ಮಿಣುಕುತ್ತಲೇ ಇದ್ದವು.

ಗುರುಪಾದ ಎರಡನ್ನೂ ಬೋರ್ಡು, ಸಂವೇದಕ, ಬ್ಯಾಟರಿ ಸಮೇತ ಬುಟ್ಟಿಗೆ ಹಾಕಿಕೊಂಡು ಹೊಳೆಯ ಮೆಟ್ಟಿಲಿಗೆ ಬಂದ. ಅಪ್ಪಾರು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದರು.

ತಂದ ಎರಡೂ ಕೆಟ್ಟವೇ ಬಂದಿವೆ, ಅಂಗಡಿಯವನು ಮೋಸ ಮಾಡಿದ ಎಂದು ಗುರುಪಾದ ತೋಡಿಕೊಂಡ. ಏನು ಮಾಡಲು ಹೊರಟಿದ್ದೆ ಎಂದು ಅಪ್ಪಾರು ಕೇಳಿದರು. ಅವನು ಟಾಕಿಯಿಂದ ಹಿಡಿದು ಕೆಂಪು ದೀಪದ ತನಕ ಎಲ್ಲ ಹೇಳಿದ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಟಾಕಿಯಿಂದ ಅಡಿಗಿಮನಿ ಎಷ್ಟು ದೂರ ಆಗ್ತದ, ತಮ್ಮಾ?"

"ಹನ್ನೆರಡು ಹೆಜ್ಜಿರಿ, ಅಪ್ಪಾರ."

ಅಪ್ಪಾರು ಒಂದನ್ನು ಕೈಗೆತ್ತಿಕೊಂಡು, ಇದು ಕೆಟ್ಟಿದೆ ಎಂದು ಹೇಗೆ ಗೊತ್ತು ಎಂದರು. ನಿನ್ನ ಫೋನಿಗೆ ಜೋಡಿಸಿ ನೋಡು ಎಂದರು.

ಗುರುಪಾದ ಫೋನು ತೆಗೆದು ಮಾಡ್ಯೂಲಿನ ಹೆಸರು ಹುಡುಕಿ ಒತ್ತಿದ. ಗುಪ್ತಸಂಖ್ಯೆ ಕೇಳಿತು. ಒಂದು, ಎರಡು, ಮೂರು, ನಾಲ್ಕು ಎಂದು ಹಾಕಿದ. ಇದು ನೀನು ಇಟ್ಟ ಗುಟ್ಟೇ ಎಂದು ಅಪ್ಪಾರು ಇಣುಕಿದರು. ಅಲ್ಲ, ಇಂಥ ಎಲ್ಲದಕ್ಕೂ ಬರುವಾಗಲೇ ಇದೇ ಸಂಖ್ಯೆ ಇರುತ್ತದೆ ಎಂದ. ಲೋಕಕ್ಕೆಲ್ಲ ಒಂದೇ ಗುಟ್ಟು, ಆದರೂ ಕೇಳುವುದು ಬಿಡುವುದಿಲ್ಲ ನೋಡು ಎಂದು ಅಪ್ಪಾರು ನಕ್ಕರು.

ಅಷ್ಟರಲ್ಲಿ ಮಿಣುಕುವ ದೀಪ ನಿಂತಿತು. ಸಂವೇದಕದ ಅಂಕಿಗಳು ಫೋನಿನಲ್ಲಿ ಒಂದೊಂದಾಗಿ ಬಂದವು.

ಇನ್ನೊಂದನ್ನೂ ಹಾಗೇ ನೋಡಿದ. ಅದರ ದೀಪವೂ ನಿಂತಿತು. ಫೋನಿನಿಂದ ಅಕ್ಷರ ಕಳಿಸಿದರೆ ಬೋರ್ಡಿನ ಕೆಂಪು ದೀಪ ಹತ್ತಿ ಆರಿತು.

"ಎರಡೂ ಛಲೋ ಅದಾವಲ್ರಿ," ಎಂದ ಗುರುಪಾದ. ಅವನಿಗೆ ಸಂತೋಷವಾಗಲಿಲ್ಲ, ತಲೆ ಕೆಟ್ಟಿತು.

ಅಪ್ಪಾರು ಫೋನು ಮುಚ್ಚಿಸಿದರು. ಎರಡು ಮಾಡ್ಯೂಲನ್ನೂ ಒಂದಕ್ಕೊಂದು ತಾಗುವ ಹಾಗೆ ಮೆಟ್ಟಿಲಿನ ಮೇಲೆ ಇಟ್ಟರು. ನಡುವೆ ಒಂದು ಬೆರಳು ತೂರದಷ್ಟು ಹತ್ತಿರ.

ಎರಡೂ ಮಿಣುಕತೊಡಗಿದವು.

ಗುರು ಶಿಷ್ಯರು ಬಹಳ ಹೊತ್ತು ಅವನ್ನೇ ನೋಡುತ್ತ ಕೂತರು. ಹೊಳೆಯ ಮೇಲೆ ಒಂದು ದೋಣಿ ಈ ದಡದಿಂದ ಆ ದಡಕ್ಕೆ ಮುಟ್ಟಿತು.

"ಗುರುಪಾದ, ಈ ಎರಡರಾಗ ಕರೆಯೋದು ಯಾವುದು?"

ಗುರುಪಾದ ಅಂಗಡಿಯವನು ಕೊಟ್ಟ ಚೀಟಿಯನ್ನು ಜೇಬಿನಿಂದ ತೆಗೆದು ಮತ್ತೆ ಓದಿದ. ಓದುತ್ತ ಹೋದಂತೆ ಅವನ ದನಿ ಇಳಿಯಿತು. ಈ ನಮೂನೆಯ ಮಾಡ್ಯೂಲು ಯಾರಾದರೂ ಕರೆದರೆ ಓಗೊಡುತ್ತದೆ. ತಾನಾಗಿ ಯಾರನ್ನೂ ಕರೆಯುವುದಿಲ್ಲ. ಕರೆಯಬಲ್ಲ ನಮೂನೆ ಬೇರೆ ಇದೆ. ಎರಡರಲ್ಲಿ ಒಂದಾದರೂ ಅಂಥದಿರಬೇಕು.

"ಅಂದ್ರ ಎರಡೂ ಕಾಯ್ಲಿಕ್ಕೆ ಹತ್ಯಾವ."

"ಹೌದ್ರಿ, ಅಪ್ಪಾರ. ಎರಡೂ."

"ಎಷ್ಟು ದಿನ ಕಾಯ್ತಾವ?"

"ಕರೆಂಟು ಇರೋ ತನಕ ಕಾಯ್ತಾವ್ರಿ."

ಕರೆಯುವುದಕ್ಕೆ, ಕಾಯುವುದಕ್ಕೆ ಬೇರೆ ಬೇರೆ ಹೆಸರಿವೆಯೇ ಎಂದು ಅಪ್ಪಾರು ಕೇಳಿದರು. ಇವೆ ಎಂದ ಗುರುಪಾದ. ಪುಸ್ತಕದವರು ಮೊದಲು ಕರೆಯುವುದನ್ನು ಒಡೆಯ ಎನ್ನುತ್ತಾರೆ, ಕರೆಸಿಕೊಳ್ಳಲು ಕಾಯುವುದನ್ನು ಆಳು ಎನ್ನುತ್ತಾರೆ.

"ಹಂಗೇನು?" ಅಪ್ಪಾರು ಹುಬ್ಬೇರಿಸಿದರು. "ಮಂದಿ ಎಲ್ಲಾ ತಿರುಗಾಮುರುಗಾ ತಿಳಕೊಂಡಾರಲ್ಲೋ. ಮೊದಲು ಕರದವ ಸಣ್ಣವ ಆಗ್ತಾನಂತ ಅಂಜತಾರ."

ಈಗ ಗುರುಪಾದನಿಗೆ ಮಾತು ಎತ್ತ ಹೊರಟಿದೆ ಎಂದು ತಿಳಿಯಿತು. ಮುಖ ಕೆಂಪಾಯಿತು.

"ನನ್ನ ಬಾಗಲಾ ಹನ್ನೊಂದು ತಿಂಗಳಿಂದ ತೆರದೇ ಅದರಿ, ಅಪ್ಪಾರ. ಅವ ಬರಲಿಲ್ಲ."

"ಅವನೂ ಹಂಗ ಅಂದ," ಎಂದರು ಅಪ್ಪಾರು. "ಸೋಮವಾರ. ನೀ ಕುಂತಲ್ಲೇ ಕುಂತಿದ್ದ."

ಗುರುಪಾದ ಎದ್ದ. ಬುಟ್ಟಿ ಅಲ್ಲೇ ಉಳಿಯಿತು.

ಮೋಟಾರಿನ ಕೋಣೆಯ ತನಕ ಕಾಲು ಸರಾಗವಾಗಿ ಬಂದವು. ಅಲ್ಲಿಂದ ಮುಂದೆ ಒಂದೊಂದು ಹೆಜ್ಜೆಯೂ ಭಾರವಾಯಿತು. ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ನಿಂತ. ಒಳಗೆ ತೋಂಟೇಶ ಬೆನ್ನು ಮಾಡಿ ಕೂತು ಹೆಸರುಬೇಳೆ ಆರಿಸುತ್ತಿದ್ದ.

ಗುರುಪಾದ ಕಂಬದ ಕಡೆ ನೋಡಲಿಲ್ಲ.

"ತೋಂಟಣ್ಣ," ಎಂದ.

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. ಬೆನ್ನು ತಿರುಗಲಿಲ್ಲ.

"ಅವತ್ತು ಮೋಟಾರು ಹಚ್ಚೋದು ಮರತವ ನಾನು. ನಿನ್ನದೇನೂ ತಪ್ಪಿಲ್ಲ. ಮುನ್ನೂರು ಮಂದಿ ಮುಂದ ನಿನಗ ಅಂದೆ. ಅವತ್ತ ಸಂಜಿಗೆ ನನಗ ಗೊತ್ತಾತು. ಇವತ್ತ ಹೇಳಾಕ ಬಂದೀನಿ."

"ನನಗೂ ಅವತ್ತ ಸಂಜಿಗೆ ಗೊತ್ತಾತು," ಎಂದ ತೋಂಟೇಶ. "ನೀ ಸ್ವಿಚ್ಚು ಹಾಕೋ ಸಪ್ಪಳ ಕೇಳಿಸ್ತು."

"ಮತ್ತ ನೀ ಯಾಕ ಅನ್ನಲಿಲ್ಲ?"

"ನೀ ಬಂದು ಅಂತಿ ಅಂತ ಕುಂತಿದ್ದೆ." ತೋಂಟೇಶ ಈಗ ತಿರುಗಿದ. ಕಣ್ಣು ಒದ್ದೆಯಾಗಿದ್ದವು, ತುಟಿಯಲ್ಲಿ ಮಾತ್ರ ಹಳೆಯ ಕುಚೋದ್ಯ ಬಂದಿತ್ತು. "ಹನ್ನೆರಡು ಹೆಜ್ಜಿ ನಡೀಲಿಕ್ಕೆ ಹನ್ನೊಂದು ತಿಂಗಳು ಹಿಡದ್ಯಲ್ಲೋ. ನಿನ್ನ ಮೋಟಾರಕ್ಕಿಂತಾ ನೀನ ಭಾರಿ ಸಾವಕಾಶ."

ಗುರುಪಾದ ಅಳುತ್ತ ನಕ್ಕ. ಆಮೇಲೆ ಇಬ್ಬರೂ ಒಂದೇ ಮೊರ ಹಿಡಿದು ಬೇಳೆ ಆರಿಸಿದರು. ಹನ್ನೊಂದು ತಿಂಗಳ ಮಾತು ಒಮ್ಮೆಲೇ ಬಂದದ್ದರಿಂದ ಅರ್ಧ ಕಲ್ಲು ಬೇಳೆಯಲ್ಲೇ ಉಳಿದವು. ಅವತ್ತಿನ ತೊವ್ವೆ ಉಂಡವರು ಕಟಕಟ ಎಂದರೂ ಯಾರೂ ದೂರಲಿಲ್ಲ.

ಹೋಗಬೇಡ ಎಂದು ಗುರುಪಾದ ಆ ಸಂಜೆ ಕೇಳಿ ನೋಡಿದ. ತೋಂಟೇಶ ತಲೆಯಾಡಿಸಿದ. ಮಾತು ಕೊಟ್ಟಾಗಿದೆ, ಅಲ್ಲಿ ನಲವತ್ತು ಮಕ್ಕಳು ತಟ್ಟೆ ಹಿಡಿದು ಕಾಯುತ್ತಿದ್ದಾರೆ ಎಂದ. ನೀನು ಒಂದು ತಿಂಗಳು ಮೊದಲು ಬಂದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ ಎಂದೂ ಮೆಲ್ಲಗೆ ಅಂದ.

ಗುರುವಾರ ಮಧ್ಯಾಹ್ನ ದೋಣಿಯ ತನಕ ಗಂಟು ಹೊತ್ತವನು ಗುರುಪಾದನೇ. ದಾರಿಯಲ್ಲಿ ಆ ಮಾಡ್ಯೂಲಿನ ಕಥೆಯನ್ನೂ ಹೇಳಿದ. ಆಟಿಗೆ ಸಾಮಾನು ಅಂದದ್ದು ತನ್ನ ತಪ್ಪು ಎಂದ ತೋಂಟೇಶ. ತಪ್ಪೇನಿಲ್ಲ, ದೀಪ ಹತ್ತಲೇ ಇಲ್ಲವಲ್ಲ ಎಂದ ಗುರುಪಾದ. ಮುಟ್ಟಿದ ಕೂಡಲೇ ಫೋನು ಮಾಡುತ್ತೇನೆ ಎಂದು ತೋಂಟೇಶ ದೋಣಿಯಿಂದಲೇ ಕೂಗಿ ಹೇಳಿದ.

ಹೊತ್ತು ಇಳಿಯಿತು. ಅಪ್ಪಾರು ಇಷ್ಟಲಿಂಗ ಪೂಜೆ ಮುಗಿಸಿ ಜಗಲಿಗೆ ಬಂದು ಕೂತರು. ಗುರುಪಾದ ಫೋನು ಹಿಡಿದುಕೊಂಡು ಅವರ ಮುಂದೆ ಬಂದು ನಿಂತ. ಮುಖ ಚಿಕ್ಕದಾಗಿತ್ತು.

ಏನಾಯಿತು ಎಂದು ಕೇಳಿದರು. ಅವನು ಹೇಳಿದ. ತೋಂಟೇಶ ಮುಟ್ಟುವ ಹೊತ್ತಾಯಿತು. ಅವನು ಮಾಡಲಿ ಎಂದು ಈ ಸಲ ತಾನು ಕಾಯಲಿಲ್ಲ, ತಾನೇ ಮೊದಲು ಮಾಡಿದ. ಆದರೆ ಪ್ರತಿ ಸಲವೂ ಆ ಹೆಣ್ಣುಮಗಳ ದನಿಯೇ ಬರುತ್ತಿದೆ. ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿದ್ದಾರೆ.

"ಮುಟ್ಟಿದ ಕೂಡಲೇ ಅಷ್ಟು ಯಾರ ಜೋಡಿ ಮಾತಾಡ್ತಾನ್ರಿ ಅವ?" ಹಳೆಯ ಮುನಿಸಿನ ನೆರಳು ದನಿಯಲ್ಲಿ ಸುಳಿಯಿತು.

"ನೀ ಎಷ್ಟು ಸಲ ಮಾಡಿದಿ?"

"ಆರು ಸಲರಿ. ಒಂದರ ಬೆನ್ನಿಗೊಂದು."

ಅಪ್ಪಾರು ನಕ್ಕರು. ಹೆಗಲು ಕುಲುಕುವಷ್ಟು ನಕ್ಕರು. ಗುರುಪಾದನ ಕೈಯಿಂದ ಫೋನು ತೆಗೆದುಕೊಂಡು ಜಗಲಿಯ ಮೇಲೆ ಇಟ್ಟು, ಪಕ್ಕದಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು.

"ಅವ ನಿನ್ನನ್ನ ಕರೀಲಿಕ್ಕೆ ಹತ್ಯಾನ, ಹುಚ್ಚಪ್ಪ. ಈಗ ಒಂದು ಗಳಿಗಿ ಸುಮ್ಮನ ಕೂಡು."