ಜೋಡಿಸುವ ಯಂತ್ರವೂ ಸೋಬಾನೆಯ ಅಕ್ಕತಂಗಿಯರೂ

ತೀರಿಹೋದ ಪುಟ್ಟೀರಮ್ಮನ ಸೋಬಾನೆ ಪದ ಫೋನಿನೊಳಗೆ ಮೂರು ತುಂಡಾಗಿ ಉಳಿದಿತ್ತು, ಮೂವರು ಅಕ್ಕತಂಗಿಯರ ಹಾಗೆ. ಮೊಮ್ಮಗಳ ಅರಿಶಿನದ ಶಾಸ್ತ್ರಕ್ಕೆ ಮೂವರೂ ಒಂದಾಗಬೇಕಿತ್ತು.

ಇಂಟರ್‌ನೆಟ್ಟಿನಲ್ಲಿ ದನಿ ಜೋಡಿಸುವ ಯಂತ್ರ ಕರೆಯಿತು: “ಬನ್ರವ್ವಾ, ಪುಕ್ಕಟೆ ಸೇರಿಸ್ತೀನಿ. ಆಮೇಲೆ ನನ್ನ ಹತ್ರ ಏನೂ ಇಟ್ಕೊಳ್ಳಲ್ಲ, ನಿಮ್ಮಾಣೆ!”

“ಕೇಳದೇನೇ ಆಣೆ ಇಡ್ತಾನಲ್ಲೇ ಇವನು,” ಅಂದಳು ದೊಡ್ಡವಳು. ಅದೇ ಫೋನಿನಲ್ಲಿದ್ದ ಆಡಿನ ಎರಡು ಕೂಗನ್ನು ಮೊದಲು ಕಳಿಸಿದಳು. ಯಂತ್ರ ಚೆಂದಾಗಿ ಸೇರಿಸಿಕೊಟ್ಟಿತು.

“ನಡಿಯಕ್ಕ, ನಾವೂ ಹೋಗಾನ,” ಅಂದರು ತಂಗಿಯರು.

“ತಡೀರೇ.”

ಮೂರನೇ ದಿನ ಯಾವುದೋ ಸೋಪಿನ ಜಾಹೀರಾತಿನಲ್ಲಿ ಅದೇ ಆಡು ಅರಚಿತು.

“ನಮ್ಮವ್ವ ಸೋಪು ಮಾರೋದು ಬ್ಯಾಡ,” ಅಂದಳು ದೊಡ್ಡವಳು.

ಅರಿಶಿನದ ದಿನ ಮೂವರೂ ಬಿಡಿಬಿಡಿಯಾಗಿಯೇ ಹಾಡಿದರು. ಒಬ್ಬಳು ನಿಂತು ಇನ್ನೊಬ್ಬಳು ಶುರುಮಾಡುವಷ್ಟರಲ್ಲಿ, ನೆರೆದ ಹೆಂಗಸರು ತಾವೇ ಸೊಲ್ಲು ಎತ್ತಿಕೊಂಡರು.