ಹಗ್ಗ ಹಿಡಿಯುವ ಕೈ

"ಮೈ ಇಳಿದು ಎರಡು ವರ್ಷವಾಯಿತು. ಇನ್ನೂ ಯಾಕೆ ಹುಣ್ಣಿಮೆ ಹುಣ್ಣಿಮೆಗೆ ಬಂದು ನಿಮ್ಮ ಮುಂದೆ ನಿಲ್ಲಬೇಕು, ಗುರುಗಳೇ?" ಎಂದು ತೋಟಪ್ಪ ಕೇಳಿದ.

ತೋಟಪ್ಪ ಎಣ್ಣೆಗಾಣದವನು. ಅವನ ಅಪ್ಪನೂ ದೊಡ್ಡಪ್ಪನೂ ಐವತ್ತು ಮುಟ್ಟಲಿಲ್ಲ. ಇಬ್ಬರೂ ಉಂಡ ಎಲೆಯ ಮುಂದಿನಿಂದ ಏಳುವಾಗ ಎದೆ ಹಿಡಿದುಕೊಂಡು ಹೋದವರು. ತೋಟಪ್ಪನಿಗೂ ನಲವತ್ತಕ್ಕೇ ಮಠದ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಬಾಯಿಗೆ ಬರುತ್ತಿತ್ತು. ಗುರುಗಳು ಅವನ ಊಟ ಇಳಿಸಿದರು, ದಿನಾ ಕೆರೆ ಏರಿಯ ಮೇಲೆ ನಡೆಸಿದರು. ಮೈ ಇಳಿದ ಮೇಲೆ ಅವನ ಸೊಂಟಕ್ಕೆ ತಮ್ಮ ಕೈಯಾರೆ ಒಂದು ಕರಿಯ ಉಡಿದಾರ ಕಟ್ಟಿದರು. "ಪ್ರತಿ ಹುಣ್ಣಿಮೆಗೆ ಬಾ. ಈ ದಾರದೊಳಗೆ ನನ್ನ ಒಂದು ಬೆರಳು ಹೋಗಬೇಕು. ಅಷ್ಟೇ ನಿನ್ನ ವ್ರತ" ಎಂದರು.

ಮೊದಲ ವರ್ಷ ಒಂದು ಹುಣ್ಣಿಮೆಯೂ ತಪ್ಪಲಿಲ್ಲ. ಎರಡನೆಯ ವರ್ಷ ಗಾಣದ ಕೆಲಸ ಅಂದ, ನೆಂಟರ ಮದುವೆ ಅಂದ. ಈಗ ಐದು ಹುಣ್ಣಿಮೆ ಕಳೆದು ಬಂದಿದ್ದ. ಬಂದವನು ಮೈತುಂಬ ಶಾಲು ಹೊದ್ದೇ ನಿಂತಿದ್ದ.

"ದಾರ ಸಡಿಲವಾಗಿಯೇ ಇದೆ. ಬೆರಳು ನನಗೂ ಇದೆಯಲ್ಲ. ನಾನೇ ಹಾಕಿ ನೋಡಿಕೊಂಡರೆ ಆಗದೇ?" ಎಂದ.

"ಕೂತುಕೋ. ಒಂದು ಕತೆ ಇದೆ, ಕೇಳಿ ಹೋಗು" ಎಂದರು ಗುರುಗಳು. ಅವರು ಹೇಳಿದ ಕತೆ ಇದು.

ಒಂದು ಕಾಡಿನಲ್ಲಿ ಒಬ್ಬ ಜೇನುಗಾರನಿದ್ದ. ಕಡಿದಾದ ಬಂಡೆಯ ಹೊಟ್ಟೆಗೆ ಹೆಜ್ಜೇನು ಕಟ್ಟುತ್ತದಲ್ಲ, ಅದನ್ನು ಕೀಳುವವನು. ಬಂಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು, ಅದಕ್ಕೆ ಜೋತುಬಿದ್ದು ಇಳಿಯಬೇಕು. ಕೆಳಗೆ ನೋಡಿದರೆ ದೊಡ್ಡ ದೊಡ್ಡ ಮರಗಳು ಗರಿಕೆಯ ಹಾಗೆ ಕಾಣುತ್ತವೆ. ಆ ಜನರಲ್ಲಿ ಒಂದು ಕಟ್ಟಳೆ. ಹಗ್ಗವನ್ನು ಮೇಲಿರುವ ಮತ್ತಿಮರಕ್ಕೆ ಒಂದು ಸುತ್ತು ಸುತ್ತಿ, ಅದರ ತುದಿಯನ್ನು ಹೆಂಡತಿಯ ತಮ್ಮನೇ ಹಿಡಿಯಬೇಕು. ಒಡಹುಟ್ಟಿದವರು ಹಿಡಿಯುವ ಹಾಗಿಲ್ಲ, ಗೆಳೆಯರು ಹಿಡಿಯುವ ಹಾಗಿಲ್ಲ. ಯಾಕೆ ಅಂದರೆ, ಕೈ ಜಾರಿದರೆ ಹೋಗುವುದು ತನ್ನ ಅಕ್ಕನ ತಾಳಿ. ಆ ಕೈ ಜಾರುವುದಿಲ್ಲ.

ಜೇನುಗಾರ ಉಣ್ಣುವುದರಲ್ಲಿ ಗಟ್ಟಿಗ. ಕಿತ್ತ ಜೇನಿನ ಮೊದಲ ತುಂಡೂ ಅವನ ಬಾಯಿಗೆ, ಕೊನೆಯ ತುಂಡೂ ಅವನ ಬಾಯಿಗೆ. ವರ್ಷದಿಂದ ವರ್ಷಕ್ಕೆ ಮೈ ಬೆಳೆಯಿತು. ಒಂದು ವರ್ಷ ಅವನನ್ನು ಮೇಲಕ್ಕೆ ಎಳೆದುಕೊಂಡ ಭಾವಮೈದ ಎರಡೂ ಅಂಗೈ ಚಾಚಿ ತೋರಿಸಿದ. ಚರ್ಮ ಸುಲಿದುಹೋಗಿತ್ತು.

"ಇಳಿಯುವಾಗ ಒಬ್ಬನೇ ಇದ್ದೆಯಲ್ಲ ಭಾವಾ, ಬರುವಾಗ ಕರಡಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದೆಯಾ? ಬರುವ ವರ್ಷವೂ ಹೀಗೇ ಇದ್ದರೆ ನನ್ನ ಕೈಲಾಗದು. ಅಕ್ಕನಿಗೆ ಈಗಲೇ ಹೇಳಿಬಿಡು" ಎಂದ.

ಜೇನುಗಾರ ನಕ್ಕ. ಮನೆಗೆ ಬಂದ ಮೇಲೆ, ಹೆಂಡತಿ ತಮ್ಮನ ಅಂಗೈಗೆ ಅರಿಸಿನ ಹಚ್ಚುವುದನ್ನು ನೋಡಿದ. ಹಚ್ಚಿ ಮುಗಿಸಿ ಅವಳು ಆ ಅರಿಸಿನದ ಕೈಯಿಂದಲೇ ತನ್ನ ತಾಳಿಯನ್ನು ಹಿಡಿದುಕೊಂಡಳು. ಅವನ ನಗು ಅಲ್ಲಿಗೆ ನಿಂತಿತು.

ಮರುದಿನದಿಂದ ಎರಡು ಮುದ್ದೆ ಒಂದಾಯಿತು. ಜೇನನ್ನು ಬಾಯಿಗೆ ಮುಟ್ಟಿಸಲಿಲ್ಲ. ಭಾವಮೈದನಿಗೆ ತಾನೇ ಹೇಳಿದ, "ತಿಂಗಳಿಗೊಮ್ಮೆ ನನ್ನನ್ನು ತೂಗಿ ನೋಡು." ಅಂಗಳದ ಹುಣಸೆ ಕೊಂಬೆಗೆ ಹಗ್ಗ ಹಾಕುವುದು, ಈ ತುದಿಗೆ ಜೇನುಗಾರ ಜೋತುಬೀಳುವುದು, ಆ ತುದಿಯನ್ನು ಭಾವಮೈದ ಹಿಡಿಯುವುದು. ಅವನಿಗೆ ತಕ್ಕಡಿ ಬೇಡ, ಕಲ್ಲು ಬೇಡ. ಅಂಗೈಯೇ ಹೇಳುತ್ತಿತ್ತು. "ಇಳಿದಿದ್ದೀಯ" ಅನ್ನುತ್ತಿದ್ದ. ಇಲ್ಲವೇ, "ಈ ತಿಂಗಳು ಯಾರ ಮದುವೆಯಲ್ಲಿ ಉಂಡೆ ಭಾವಾ? ನಮ್ಮನ್ನು ಕರೆಯಲೇ ಇಲ್ಲವಲ್ಲ!" ಅನ್ನುತ್ತಿದ್ದ.

ಮುಂದಿನ ಜೇನಿನ ಕಾಲ ಬಂತು. ಜೇನುಗಾರ ಬಂಡೆಗೆ ಇಳಿದ. ಅರ್ಧ ದಾರಿ ಹೋಗಿದ್ದಾನೆ, ಮೇಲಿನಿಂದ ಕೂಗು ಕೇಳಿತು. "ಭಾವಾ, ಇದ್ದೀಯಾ? ಹಗ್ಗದಲ್ಲಿ ಯಾರೂ ಇಲ್ಲವೇನೋ ಅನ್ನಿಸಿತು!" ಆ ಕೂಗು ಕೇಳಿ ಜೇನುಗಾರನ ಕಣ್ಣು ತುಂಬಿತು.

ಹೀಗೆ ಎರಡು ವರ್ಷ ನಡೆಯಿತು. ಹಾಡಿಯವರೆಲ್ಲ ಹೊಗಳಿದರು. ತೂಗುವವನ ಬಾಯಿ ಮಾತ್ರ ನಿಲ್ಲಲಿಲ್ಲ. ಒಂದು ತಿಂಗಳು ಹೆಂಗಸರು ಮಕ್ಕಳ ಮುಂದೆಯೇ, "ಭಾವಾ, ಆ ಕರಡಿಯ ಮರಿ ಒಂದು ವಾಪಸ್ಸು ಬಂದ ಹಾಗಿದೆ" ಅಂದುಬಿಟ್ಟ. ಎಲ್ಲರೂ ನಕ್ಕರು. ಜೇನುಗಾರನ ಮುಖ ಸಣ್ಣದಾಯಿತು. ಅಲ್ಲ, ಹಸಿವು ತಡೆದವನು ನಾನು, ಮೈ ಇಳಿಸಿದವನು ನಾನು, ಇವನು ಹಗ್ಗ ಹಿಡಿದ ಅಷ್ಟೇ ತಾನೇ? ನನಗಿಂತ ಹತ್ತು ವರ್ಷ ಚಿಕ್ಕವನಿಂದ ಎಷ್ಟು ಕಾಲ ಅನ್ನಿಸಿಕೊಳ್ಳುವುದು? ಈ ಮಾತು ಅವನ ಹೊಟ್ಟೆಯೊಳಗೆ ಕೂತಿತು.

ಆ ಸಲ ಜೇನಿನ ಕಾಲಕ್ಕೆ ಅವನು ಭಾವಮೈದನಿಗೆ ಹೇಳಿದ. "ನಿನಗೆ ಯಾಕೆ ಸುಮ್ಮನೆ ಶ್ರಮ? ನಿನ್ನ ಕೈಗಿಂತ ಮರ ಗಟ್ಟಿ. ಮರಕ್ಕೆ ನಾನೇ ಗಂಟು ಹಾಕಿ ಇಳಿಯುತ್ತೇನೆ, ಹಗ್ಗ ಹಿಡಿದು ನಾನೇ ಹತ್ತಿ ಬರುತ್ತೇನೆ."

"ಮರ ಗಟ್ಟಿ, ಹೌದು ಭಾವಾ. ಆದರೆ ಮರಕ್ಕೆ ಅಕ್ಕ ಇಲ್ಲ" ಎಂದು ಭಾವಮೈದ ಹೊರಟುಹೋದ.

ಜೇನುಗಾರ ಗಂಟು ಹಾಕಿದ, ಇಳಿದ, ಹತ್ತಿದ. ಏನೂ ಆಗಲಿಲ್ಲ. ಮರ ಹಂಗಿಸಲಿಲ್ಲ, ಕರಡಿ ಅನ್ನಲಿಲ್ಲ. ಎಷ್ಟು ನೆಮ್ಮದಿ! ಹುಣಸೆ ಕೊಂಬೆಗೆ ಜೋತುಬೀಳುವುದೂ ನಿಂತಿತು. ಹಬ್ಬ ಅಂತ ಒಂದು ದಿನ ಎರಡನೆಯ ಮುದ್ದೆ ಬಂತು. ಆಮೇಲೆ ಹಬ್ಬ ಇಲ್ಲದೆಯೂ ಬಂತು. ಬಿಟ್ಟುಹೋಗಿದ್ದ ಭಾರ ಬಾಗಿಲು ತಟ್ಟಿ ಬರಲಿಲ್ಲ. ಬೆಕ್ಕಿನ ಹಾಗೆ ಬಂದು ಒಲೆಯ ಪಕ್ಕ ಕೂತಿತು. ಎರಡನೆಯ ವರ್ಷ ಹತ್ತಿ ಬರುವಾಗ ನಡುವೆ ಮೂರು ಸಲ ನಿಂತ. ಹಗ್ಗ ನುಣುಪಾಗಿದೆ ಅಂದುಕೊಂಡ. ಅಂಗಿ ಬಿಗಿಯಾಯಿತು, ಒಗೆದು ಒಗೆದು ಕುಗ್ಗಿದೆ ಅಂದುಕೊಂಡ. ಹೆಂಡತಿ ಬಾಯಿ ತೆರೆದರೆ, "ನನ್ನ ಮೈ ನನಗೆ ಗೊತ್ತಿಲ್ಲವಾ?" ಎಂದು ಗದರಿದ.

ಮೂರನೆಯ ವರ್ಷ ಇಳಿದ. ಜೇನು ಕಿತ್ತ, ಬುಟ್ಟಿ ತುಂಬಿದ. ಹತ್ತಲು ಹಗ್ಗ ಹಿಡಿದ. ಎರಡು ಆಳು ಎತ್ತರ ಬಂದ. ಅಲ್ಲಿಗೆ ತೋಳು ಸೋತಿತು. ಕಾಲು ಬಂಡೆಯಲ್ಲಿ ಹಿಡಿತ ಹುಡುಕಿತು, ಸಿಗಲಿಲ್ಲ. ಸೊಂಟದ ಬುಟ್ಟಿಯನ್ನು ಕೊಯ್ದು ಬಿಟ್ಟ. ಅದು ನೆಲಕ್ಕೆ ಬಿದ್ದ ಸದ್ದು ಬರಲು ಬಹಳ ಹೊತ್ತಾಯಿತು. ಹಗ್ಗದಲ್ಲೇ ಜಾರಿ ಜಾರಿ ಅದರ ತುದಿಯ ಕುಣಿಕೆಗೇ ಬಂದು, ಅದರಲ್ಲಿ ಕಾಲಿಟ್ಟು ನಿಂತ. ಬಿಸಿಲು ನೆತ್ತಿಗೆ ಬಂತು. ಬೆರಳುಗಳು ಮರಗಟ್ಟಿದವು. "ಎಳೆಯೋ!" ಎಂದು ಕೂಗಿದ. ಕೂಗಿದ ಮೇಲೆ ನೆನಪಾಯಿತು, ಮೇಲಿರುವುದು ಮರ. ಮರ ಅವನನ್ನು ಬಿಡಲಿಲ್ಲ. ಮರ ಅವನನ್ನು ಎಳೆಯಲೂ ಇಲ್ಲ.

ಆಗ ಅವನಿಗೆ ತಾಳಿ ಹಿಡಿದ ಹೆಂಡತಿಯ ಕೈ ಕಣ್ಣ ಮುಂದೆ ಬಂತು. ಅವನು ಕಣ್ಣು ಮುಚ್ಚಿದ.

ಹಗ್ಗ ಅಲುಗಿತು. ಒಂದು ಗೇಣು ಮೇಲೆ ಹೋಯಿತು. ನಿಂತಿತು. ಮತ್ತೊಂದು ಗೇಣು ಹೋಯಿತು. ಹೀಗೆ ಗೇಣು ಗೇಣಾಗಿ, ಹೊತ್ತು ಇಳಿಯುವ ತನಕ. ಬಂಡೆಯ ಅಂಚಿಗೆ ಬಂದಾಗ ಅವನು ನೋಡಿದ. ಹಗ್ಗದ ಉದ್ದಕ್ಕೂ ರಕ್ತ. ಮತ್ತಿಮರದ ಬುಡಕ್ಕೆ ಕಾಲು ಕೊಟ್ಟು ಭಾವಮೈದ ಕೂತಿದ್ದ.

"ನೀನು ಇಲ್ಲಿಗೆ ಯಾವಾಗ ಬಂದೆ?"

"ಮೂರು ವರ್ಷದಿಂದ ಬರುತ್ತಿದ್ದೇನೆ. ಅಕ್ಕ ಕಳಿಸುತ್ತಾಳೆ. ನೀನು ಇಳಿದ ಮೇಲೆ ಹಗ್ಗದ ಮೇಲೆ ಕೈ ಇಟ್ಟು ನೋಡುತ್ತೇನೆ, ನೀನು ಹತ್ತುವಾಗ ಪೊದೆಯ ಮರೆಗೆ ಹೋಗುತ್ತೇನೆ."

"ಹಾಗಾದರೆ ಭಾರ ಏರಿದ್ದು ನಿನಗೆ ಗೊತ್ತಿತ್ತು. ಯಾಕೋ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲ ಭಾವಾ. ಕೇಳಿದವನಿಗೆ ಹೇಳಿದರೆ ಅದು ತೂಕ. ಕೇಳದವನಿಗೆ ಹೇಳಿದರೆ ಹಂಗಿಸಿದ ಹಾಗೆ. ಕರಡಿ ಮರಿ ಅಂದದ್ದು ತಪ್ಪಾಯಿತು ಅಂತ ನಾನೂ ಬಾಯಿ ಮುಚ್ಚಿಕೊಂಡೆ."

ಗಾಯ ಮಾಯಿತು. ಆದರೆ ಭಾವಮೈದನ ಬೆರಳುಗಳು ಮತ್ತೆ ಮಡಚಲಿಲ್ಲ. ಹಗ್ಗ ಹಿಡಿಯಲು ಕೈ ಇಲ್ಲದ ಮೇಲೆ ಜೇನುಗಾರ ಬಂಡೆಗೆ ಇಳಿಯುವುದನ್ನೇ ಬಿಟ್ಟ. ಆದರೂ ತಿಂಗಳಿಗೊಮ್ಮೆ ತಾನಾಗಿ ಭಾವಮೈದನನ್ನು ಕರೆಯುತ್ತಿದ್ದ. ಹುಣಸೆ ಕೊಂಬೆಗೆ ಹಗ್ಗ ಕಟ್ಟಿ ಜೋತುಬೀಳುತ್ತಿದ್ದ. ಭಾವಮೈದ ಆ ಮಡಚದ ಕೈಯನ್ನು ಬಿಗಿದ ಹಗ್ಗದ ಮೇಲೆ ಇಟ್ಟು ಹೇಳುತ್ತಿದ್ದ. ಜೇನುಗಾರ ತಲೆ ತಗ್ಗಿಸಿ ಕೇಳುತ್ತಿದ್ದ. ತಲೆ ನರೆಯುವ ತನಕ ಕೇಳಿದ.

ಗುರುಗಳು ಕತೆ ಮುಗಿಸಿದರು.

ತೋಟಪ್ಪ ಶಾಲನ್ನು ಇನ್ನಷ್ಟು ಎಳೆದುಕೊಂಡ. "ಬಂಡೆಗೇ ಇಳಿಯದವನು ತೂಗಿಸಿಕೊಂಡು ಏನು ಮಾಡಬೇಕು ಗುರುಗಳೇ?" ಎಂದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಹತ್ತಿರ ಬಾ" ಎಂದರು ಗುರುಗಳು.

ಶಾಲು ಸರಿಸಿ ಉಡಿದಾರದೊಳಗೆ ಒಂದು ಬೆರಳು ಹಾಕಿದರು. ಹೋಯಿತು. ಎರಡು ಬೆರಳು ಹಾಕಿದರು. ಅದೂ ಹೋಯಿತು. ಬೆರಳು ದಾರದ ಗುಂಟ ಸರಿಯುತ್ತಾ ಬಂದು ಗಂಟಿನ ಮೇಲೆ ನಿಂತಿತು.

"ದಾರ ಸಡಿಲವೇ ಇದೆ, ಮಗಾ; ಈ ಗಂಟು ಮಾತ್ರ ನಾನು ಹಾಕಿದ್ದಲ್ಲ."

ತೋಟಪ್ಪ ತಲೆ ಎತ್ತಲಿಲ್ಲ.